ಬಿಸಿಲನಾಡಿನ ಹೊಸ ಮನೆಗೆ ಪರದೆ

ಕೃಷ್ಣೆ ತುಂಗಭದ್ರೆಯರ ನಡುವೆ ಹಬ್ಬಿಕೊಂಡಿರುವುದರಿಂದ ಎಡೆದೊರೆನಾಡೆಂದು ಪೂರ್ವಕಾಲದಿಂದ ಹೆಸರಾದ ರಾಯಚೂರು ಸೀಮೆಯಲ್ಲಿ ಮನೆ ಕಟ್ಟಿಸುವ ಗೃಹಸ್ಥನು, ಅಡಿಪಾಯದ ಆಳ, ಮಾಳಿಗೆಯ ಕಬ್ಬಿಣ, ತಲಬಾಗಿಲಿನ ಸಾಗುವಾನಿ ಇವುಗಳ ವಿಷಯದಲ್ಲಿ ತಿಂಗಳುಗಟ್ಟಲೆ ಆಲೋಚಿಸುವನಾದರೂ, ಕಿಟಕಿಯ ಪರದೆಯ ಮಾತಿಗೆ ಬರುವಷ್ಟರಲ್ಲಿ ಅವನ ಹಣವೂ ತಾಳ್ಮೆಯೂ ಏಕಕಾಲದಲ್ಲಿ ತೀರಿಹೋಗಿರುವುದರಿಂದ, ಗೃಹಪ್ರವೇಶಕ್ಕೆ ನಾಲ್ಕು ದಿನವಿರುವಾಗ ಪೇಟೆಗೆ ಹೋಗಿ, ಗೋಡೆಯ ಬಣ್ಣಕ್ಕೆ ಒಪ್ಪುವ ಬಟ್ಟೆಯೊಂದನ್ನು ತಂದು, ಮನೆಯ ಎಲ್ಲ ಕಿಟಕಿಗಳಿಗೂ ಒಂದೇ ತೆರನಾಗಿ ತೂಗುಹಾಕಿ ಕೃತಕೃತ್ಯನಾಗುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಆದರೆ ಆ ಪರದೆಯ ಯೋಗ್ಯತೆ ಅಂದು ಬಂದ ಬಂಧುಗಳ ಪ್ರಶಂಸೆಯಿಂದ ತಿಳಿಯುವಂಥದಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ, ಮಧ್ಯಾಹ್ನದ ಊಟವಾದ ಮೇಲೆ ಮನೆಯ ವೃದ್ಧರು ಯಾವ ಕೋಣೆಯಲ್ಲಿ ಮೈಚಾಚಬೇಕೆಂದು ತಂಪಾದ ನೆಲವನ್ನು ಅರಸುವ ಹೊತ್ತಿನಲ್ಲಿ ತಿಳಿಯುವಂಥದು.

ಪರದೆಯು ಮನೆಯ ಆಭರಣವೆಂಬ ಭಾವನೆಯನ್ನು ನಾವು ಮೊದಲು ಬಿಡಬೇಕು. ಅದು ಕಿಟಕಿಯ ಅವಿಭಾಜ್ಯ ಅಂಗ. ಬಿಸಿಲು, ಬೆಳಕು, ಗಾಳಿ, ಧೂಳು, ನೆರೆಯವರ ದೃಷ್ಟಿ ಇವುಗಳಲ್ಲಿ ಬೇಕಾದುದನ್ನು ಬೇಕಾದಷ್ಟು ಬರಗೊಟ್ಟು ಉಳಿದುದನ್ನು ತಡೆಯುವ ಉಪಕರಣ. ಆದುದರಿಂದ ದಿಕ್ಕನ್ನು ಮೊದಲು, ಬಟ್ಟೆಯನ್ನು ಆಮೇಲೆ, ಬಣ್ಣವನ್ನು ಕಟ್ಟಕಡೆಗೆ ವಿಚಾರಿಸಬೇಕೆಂಬುದೇ ಈ ಲೇಖನದ ಮುಖ್ಯ ಅಭಿಪ್ರಾಯ. ಈ ಕ್ರಮವನ್ನು ಪಾಲಿಸಿದವನಿಗೆ ಖರ್ಚು ಕಡಿಮೆಯಾಗುವುದಲ್ಲದೆ, ಅದೇ ಮನೆ ಬೇಸಿಗೆಯಲ್ಲಿ ಹೆಚ್ಚು ವಾಸಯೋಗ್ಯವೂ ಆಗುವುದು.

ಹಿಂದಿನವರ ಕಿಟಕಿ

ರಾಯಚೂರಿನ ಹಳೆಯ ಓಣಿಗಳಲ್ಲಾಗಲಿ, ದೇವದುರ್ಗ ಮಾನ್ವಿಗಳ ಸುತ್ತಣ ಹಳ್ಳಿಗಳಲ್ಲಾಗಲಿ ಉಳಿದುಕೊಂಡಿರುವ ಮಾಳಿಗೆಯ ಮನೆಗಳನ್ನು ಹೊಕ್ಕು ನೋಡಿದವರಿಗೆ, ಒಂದೂವರೆ ಎರಡು ಅಡಿ ದಪ್ಪದ ಕಲ್ಲುಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಅದರ ನಡುವೆ ಒಂದು ಬೆಳಕಿಂಡಿ, ಶಹಾಬಾದಿ ಪರಸಿಯ ನೆಲ, ಗೋಡೆಯಲ್ಲಿ ಎತ್ತರಕ್ಕಿರುವ ಚಿಕ್ಕ ಕಿಟಕಿ, ಆ ಕಿಟಕಿಗೆ ಕಬ್ಬಿಣದ ಸರಳು ಮತ್ತು ಮರದ ಕದ ಇಷ್ಟೇ ಕಾಣುವುದು. ಪರದೆ ಕಾಣುವುದು ಅಪೂರ್ವ. ಅದರ ಅವಶ್ಯಕತೆಯೇ ಅಲ್ಲಿ ಇರಲಿಲ್ಲ. ಹೊತ್ತೇರುತ್ತಿದ್ದಂತೆ ಮನೆಯ ಹೆಣ್ಣುಮಕ್ಕಳು ಕದಗಳನ್ನು ಮುಚ್ಚಿ, ಸಂಜೆ ಗಾಳಿ ತಂಪಾದ ಮೇಲೆ ತೆರೆಯುತ್ತಿದ್ದರು. ಹಗಲಿನ ಕಾವು ದಪ್ಪ ಗೋಡೆಯನ್ನು ದಾಟಿ ಒಳಮೈಗೆ ತಲುಪುವಷ್ಟರಲ್ಲಿ ರಾತ್ರಿಯಾಗಿ, ಜನರು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಗಾಜಿಲ್ಲದ ಆ ಮರದ ಕದವೇ ಅಂದಿನ ಪರದೆ.

ಈ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದ್ ಸೀಮೆಯ ಭಾಗವಾಗಿತ್ತು. ಆ ಕಾಲದಲ್ಲಿ ದಖ್ಖಣದ ಸ್ಥಿತಿವಂತರ ಮನೆಗಳಲ್ಲೂ ಸರ್ಕಾರಿ ಕಚೇರಿಗಳಲ್ಲೂ ಎರಡು ಸಾಧನಗಳು ರೂಢಿಯಲ್ಲಿದ್ದವು. ಒಂದು, ಸಣ್ಣಗೆ ಸೀಳಿದ ಬಿದಿರಿನ ಕಡ್ಡಿಗಳನ್ನು ದಾರದಿಂದ ಹೆಣೆದು ಪಡಸಾಲೆಯ ಕಂಬಗಳ ನಡುವೆ ಇಳಿಬಿಡುತ್ತಿದ್ದ ಚಿಕ್ಕು. ಹೊರಗಿನ ಪ್ರಖರವಾದ ಬೆಳಕಿನಲ್ಲಿ ನಿಂತವನಿಗೆ ಒಳಗೇನಿದೆಯೆಂದು ಕಾಣದು. ಒಳಗಿನ ಮಬ್ಬಿನಲ್ಲಿ ಕುಳಿತವರಿಗೆ ಮಾತ್ರ ಅಂಗಳವೆಲ್ಲ ಕಾಣುವುದು. ಇನ್ನೊಂದು, ಲಾವಂಚದ ಬೇರನ್ನು ಹಲಗೆಯಂತೆ ಕಟ್ಟಿ ಬಾಗಿಲಿಗೆ ನಿಲ್ಲಿಸಿ ನೀರು ಚಿಮುಕಿಸುತ್ತಿದ್ದ ತಟ್ಟಿ. ಒಣ ಬಿಸಿಗಾಳಿಯು ಒದ್ದೆಯಾದ ಬೇರಿನ ನಡುವೆ ನುಸುಳುವಾಗ ನೀರು ಆವಿಯಾಗುವುದು. ಆವಿಯಾಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಪಡೆಯುವುದು. ಹೀಗಾಗಿ ಕೋಣೆಯೊಳಕ್ಕೆ ತಂಪಾದ, ಪರಿಮಳದ ಗಾಳಿ ಬರುವುದು. ಇಂದು ಬೇಸಿಗೆ ಬಂತೆಂದರೆ ನಮ್ಮ ಪೇಟೆಗಳಲ್ಲಿ ಸಾಲುಸಾಲಾಗಿ ಮಾರಾಟಕ್ಕೆ ನಿಲ್ಲುವ ಕೂಲರುಗಳು ಇದೇ ತತ್ತ್ವದ ಯಂತ್ರರೂಪಗಳು.

ಈಗಿನ ಹೊಸ ಮನೆಯ ರಚನೆ ಬೇರೆ. ಗೋಡೆ ಒಂಬತ್ತು ಅಂಗುಲದ್ದು, ಕೆಲವೆಡೆ ಆರು ಅಂಗುಲದ ಸಿಮೆಂಟ್ ಇಟ್ಟಿಗೆಯದು, ಮಾಳಿಗೆ ಕಾಂಕ್ರೀಟಿನದು, ಕಿಟಕಿ ನಾಲ್ಕೈದು ಅಡಿ ಅಗಲದ್ದು, ಅದಕ್ಕೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಸರಿಯುವ ಗಾಜು. ಬೆಳಕು ಧಾರಾಳವಾಗಿ ಬಂದದ್ದು ನಿಜವಾಗಿಯೂ ಸಂತೋಷದ ಸಂಗತಿ. ಆದರೆ ಮರದ ಕದ ಮಾಡುತ್ತಿದ್ದ ಕೆಲಸವೆಲ್ಲ ಈಗ ಪರದೆಯ ಪಾಲಿಗೆ ಬಂದಿದೆ ಎಂಬುದನ್ನು ನಾವು ಮರೆಯುತ್ತೇವೆ.

ಸೂರ್ಯನ ಹಾದಿ

ರಾಯಚೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿದೆ. ಇದರ ಪರಿಣಾಮವಾಗಿ ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ನಡುಹಗಲಿನ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬರುವನು. ಆ ಎರಡರ ನಡುವಣ ಮೂರು ತಿಂಗಳು ಅವನು ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುವನು. ಡಿಸೆಂಬರ್ ಕೊನೆಯಲ್ಲಿ ಮಾತ್ರ ದಕ್ಷಿಣಕ್ಕೆ ಇಳಿದು, ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿ ಕಾಣುವನು. ಈ ಸಣ್ಣ ಗಣಿತ ಮನೆಯ ನಾಲ್ಕು ದಿಕ್ಕಿನ ಕಿಟಕಿಗಳಿಗೂ ನಾಲ್ಕು ಬೇರೆ ಬೇರೆ ಸ್ವಭಾವಗಳನ್ನು ಕೊಟ್ಟಿದೆ.

ತೆಂಕಣ ಕಿಟಕಿಯನ್ನು ಅನೇಕರು ಸುಮ್ಮನೆ ಶಂಕಿಸುವರು. ಅದರ ಮೇಲೆ ಒಂದೂವರೆ ಅಡಿ ಚಾಚಿದ ಛಜ್ಜಾ ಇದ್ದರೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಡುಹಗಲಿನ ಬಿಸಿಲು ಆ ಗಾಜನ್ನು ಮುಟ್ಟುವುದೇ ಇಲ್ಲ. ಚಳಿಗಾಲದಲ್ಲಿ ಓರೆಯಾಗಿ ಒಳಬರುವ ಬಿಸಿಲು ಹಿತವಾದದ್ದು. ಬಡಗಣ ಕಿಟಕಿಯ ಬೆಳಕು ವರ್ಷದ ಬಹುಕಾಲ ಶಾಂತವಾಗಿದ್ದು ಮಕ್ಕಳ ಓದಿಗೆ ಅನುಕೂಲವಾಗಿರುವುದು. ಮೂಡಣ ಕಿಟಕಿಯಲ್ಲಿ ಬರುವ ಬಿಸಿಲು ತೀಕ್ಷ್ಣವಾದರೂ, ರಾತ್ರಿಯೆಲ್ಲ ತಣಿದ ಮನೆಯೊಳಕ್ಕೆ ಬರುವುದರಿಂದ ಒಂಬತ್ತು ಗಂಟೆಯವರೆಗೆ ಸಹ್ಯವಾದುದು.

ನಿಜವಾದ ಸಮಸ್ಯೆ ಪಡುವಣ ಕಿಟಕಿಯದು. ಏಪ್ರಿಲ್ ಮೂರನೆಯ ವಾರದಲ್ಲಿ ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯನು ದಿಗಂತದಿಂದ ಸುಮಾರು 32 ಡಿಗ್ರಿಯಷ್ಟು ಮಾತ್ರ ಎತ್ತರದಲ್ಲಿರುವುದರಿಂದ, ಅದೇ ಒಂದೂವರೆ ಅಡಿಯ ಛಜ್ಜಾ ನಾಲ್ಕು ಅಡಿ ಎತ್ತರದ ಕಿಟಕಿಯಲ್ಲಿ ಮೇಲಿನ ಒಂದು ಅಡಿಗೆ ಮಾತ್ರ ನೆರಳು ಕೊಡಬಲ್ಲುದು. ಉಳಿದ ಮೂರು ಅಡಿಯ ಗಾಜಿನ ಮೂಲಕ, ದಿನದ ಅತ್ಯಂತ ಬಿಸಿಯಾದ ವೇಳೆಯಲ್ಲಿ, ಆಗಲೇ ಕಾದಿರುವ ಕೋಣೆಯೊಳಕ್ಕೆ ಬಿಸಿಲು ನುಗ್ಗುವುದು. ಜೂನ್ ಹೊತ್ತಿಗೆ ಸೂರ್ಯಾಸ್ತವು ನೇರ ಪಶ್ಚಿಮದಿಂದ ಇಪ್ಪತ್ತನಾಲ್ಕು ಡಿಗ್ರಿಯಷ್ಟು ಉತ್ತರಕ್ಕೆ ಸರಿಯುವುದರಿಂದ ವಾಯವ್ಯದ ಕೋಣೆಯೂ ಈ ಪೀಡೆಗೆ ಗುರಿಯಾಗುವುದು. ಪರದೆಗೆಂದು ಮೀಸಲಿಟ್ಟ ಹಣ ಹತ್ತು ರೂಪಾಯಿಯಾದರೆ ಅದರಲ್ಲಿ ಐದನ್ನು ಪಡುವಣ ಕಿಟಕಿಗಳಿಗೇ ವ್ಯಯಿಸಬೇಕೆಂದು ನಾನು ಧೈರ್ಯವಾಗಿ ಹೇಳುವೆನು.

ಈ ಕಾರಣದಿಂದಲೇ ಹೊಸ ಮನೆಗೆ ಹೋದೊಡನೆ ಎಲ್ಲ ಕಿಟಕಿಗಳಿಗೂ ಬಟ್ಟೆ ಕೊಳ್ಳಬಾರದು. ಮಲಗುವ ಕೋಣೆ ಮತ್ತು ಬೀದಿಯ ಕಿಟಕಿಗೆ ಹಳೆಯ ಸೀರೆಯನ್ನೋ ಧೋತರವನ್ನೋ ತಾತ್ಕಾಲಿಕವಾಗಿ ಕಟ್ಟಿ, ಬೆಳಗ್ಗೆ, ನಡುಹಗಲು, ಸಂಜೆ ಯಾವ ಕಿಟಕಿಯ ಬಿಸಿಲು ಕೋಣೆಯೊಳಗೆ ಎಲ್ಲಿಯವರೆಗೆ ಬೀಳುವುದೆಂದು ಕೆಲವು ದಿನ ಗಮನಿಸಿ, ಬೀಳುವ ಕಡೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿಟ್ಟುಕೊಂಡರೆ, ಅಂಗಡಿಯ ಯಾವ ಸಲಹೆಗಿಂತಲೂ ಆ ಗೆರೆ ಹೆಚ್ಚು ಪ್ರಮಾಣಭೂತವಾದುದು.

ಗಾಜಿನ ಹೊರಗೆ, ಗಾಜಿನ ಒಳಗೆ

ಬಿಸಿಲು ಗಾಜನ್ನು ಸುಲಭವಾಗಿ ದಾಟುವುದು; ಒಳಗಿನ ಪರದೆಯ ಮೇಲೆ ಬಿದ್ದು ಅದನ್ನು ಕಾಯಿಸುವುದು; ಕಾದ ಪರದೆ ಹೊರಸೂಸುವ ಶಾಖಕಿರಣಗಳಾದರೋ ಗಾಜನ್ನು ಮತ್ತೆ ದಾಟಿ ಹೊರಹೋಗಲಾರವು. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಮೋಟಾರಿನ ಒಳಗು ಕುದಿಯುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ಹೊರಗೆ ತಡೆಯುವುದು ಉತ್ತಮ. ಒಳಗೆ ತಡೆಯುವುದು ಮಧ್ಯಮ. ಪಡುವಣ ಕಿಟಕಿಯ ಹೊರಗೆ ಮೇದಾರರು ಹೆಣೆದ ಬಿದಿರಿನ ತಟ್ಟಿಯನ್ನೋ ಚಿಕ್ಕನ್ನೋ ಇಳಿಬಿಟ್ಟರೆ, ಗಾಳಿಗೆ ಅದು ಬಡಿದಾಡದಂತೆ ಕೆಳಗಿನ ಎರಡು ಮೂಲೆಗಳನ್ನು ಕೊಕ್ಕೆಗೆ ಕಟ್ಟಿದರೆ, ಒಳಗಿನ ಅತ್ಯಂತ ಬೆಲೆಯುಳ್ಳ ಬಟ್ಟೆಯೂ ಮಾಡಲಾರದ ಉಪಕಾರವನ್ನು ಅದು ಮಾಡುವುದು. ಫ್ರೆಂಚ್ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅಹಮದಾಬಾದಿನ ಗಿರಣಿ ಮಾಲೀಕರ ಸಂಘಕ್ಕಾಗಿ ರಚಿಸಿ 1954ರಲ್ಲಿ ಪೂರ್ಣಗೊಂಡ ಕಟ್ಟಡದಲ್ಲಿ, ಮೂಡಣ ಪಡುವಣ ಮುಖಗಳಿಗೆ ಕಾಂಕ್ರೀಟಿನ ಆಳವಾದ ಬಿಸಿಲುತಡೆಗಳನ್ನು ಹೊರಗಡೆಯೇ ನಿಲ್ಲಿಸಿರುವುದು ಇದೇ ವಿವೇಕದಿಂದ. ಸ್ಥಳವಿದ್ದವರು ಪಡುವಣ ದಿಕ್ಕಿಗೊಂದು ಬೇವಿನ ಸಸಿ ನೆಡಲಿ. ಯುಗಾದಿಯ ಹೊತ್ತಿಗೆ ಹೊಸ ಎಲೆ ತಳೆದು, ಬಿಸಿಲು ಏರುವ ಕಾಲಕ್ಕೆ ಸರಿಯಾಗಿ ನೆರಳು ಕೊಡುವ ಆ ವೃಕ್ಷ ಈ ನೆಲಕ್ಕೆ ಹೇಳಿಮಾಡಿಸಿದುದು.

ಒಳಗೆ ಹಾಕುವ ಪರದೆಗೆ ಅಸ್ತರಿ ಕೊಡಿಸುವುದು ಮುಖ್ಯ. ಗಾಜಿಗೆ ಎದುರಾಗುವ ಮೈ ಬಿಳಿಯದೋ ಕೆನೆಬಣ್ಣದ್ದೋ ಆಗಿದ್ದರೆ ಬಿಸಿಲಿನ ಬಹುಭಾಗವನ್ನು ಅದು ಬೆಳಕಾಗಿಯೇ ಹಿಂದಿರುಗಿಸುವುದು. ಬೆಳಕು ಬಂದ ಹಾದಿಯಲ್ಲಿಯೇ ಗಾಜನ್ನು ದಾಟಿ ಹೊರಹೋಗುವುದು. ಗಾಢವಾದ ನೀಲಿ ಕೆಂಪು ಬಣ್ಣಗಳನ್ನು ಕೋಣೆಯ ಕಡೆಗೆ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಅಸ್ತರಿಯಿಂದ ಮತ್ತೊಂದು ಲಾಭವೂ ಉಂಟು: ನಮ್ಮ ಪ್ರಖರ ಬಿಸಿಲಿಗೆ ಬಟ್ಟೆಯ ಬಣ್ಣ ಬಲುಬೇಗ ಮಾಸುವುದು, ಅಸ್ತರಿ ತಾನು ಬಿಸಿಲುಂಡು ಬೆಲೆಯ ಬಟ್ಟೆಯನ್ನು ಕಾಯುವುದು.

ಮೂರು ಊರುಗಳ ಮೂರು ಅಗತ್ಯಗಳು

ರಾಯಚೂರು ನಗರದಲ್ಲಿ ಹೊಸ ಬಡಾವಣೆಗಳ ಮನೆಗಳು ಒತ್ತೊತ್ತಾಗಿ ಎದ್ದಿರುವುದರಿಂದ ಒಂದು ಮನೆಯ ಕಿಟಕಿ ಇನ್ನೊಂದು ಮನೆಯ ಕಿಟಕಿಗೆ ಎದುರಾಗಿರುವುದು ಸಾಮಾನ್ಯ. ಇಲ್ಲಿ ಬಿಸಿಲಿನಷ್ಟೇ ಮರೆಯೂ ಮುಖ್ಯ. ಹಗಲಿಗೆ ತೆಳುವಾದ ಜಾಲಿಬಟ್ಟೆ, ರಾತ್ರಿಗೆ ದಟ್ಟವಾದ ಬಟ್ಟೆ ಎಂದು ಎರಡು ಸಲಾಕೆಗಳಲ್ಲಿ ಎರಡು ಪದರ ಹಾಕುವುದು ಇಲ್ಲಿ ಅರ್ಥವುಳ್ಳ ಖರ್ಚು. ಹಗಲಿನಲ್ಲಿ ಹೊರಗೆ ಬೆಳಕು ಹೆಚ್ಚಾಗಿರುವವರೆಗೆ ಜಾಲಿಬಟ್ಟೆ ಮರೆ ಕೊಡುವುದು; ದೀಪ ಹೊತ್ತಿಸಿದೊಡನೆ ಅದೇ ಬಟ್ಟೆಯ ಮೂಲಕ ಒಳಗಿನದೆಲ್ಲ ಹೊರಗೆ ಕಾಣುವುದೆಂಬುದನ್ನು ನೆನಪಿಡಬೇಕು.

ಮಾನ್ವಿಯ ಸ್ಥಿತಿ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸುತ್ತಲೂ ಭತ್ತದ ಗದ್ದೆಗಳಾಗಿ, ಸೊಳ್ಳೆಯೂ ದೀಪಕ್ಕೆ ಮುತ್ತುವ ಹುಳುಗಳೂ ಸಂಜೆಯಾಗುತ್ತಲೇ ಕಿಟಕಿಗೆ ಬರುವುದರಿಂದ, ಇಲ್ಲಿ ಪರದೆಗಿಂತ ಮೊದಲು ವಿಚಾರಿಸಬೇಕಾದದ್ದು ಸೊಳ್ಳೆಯ ಜಾಲರಿ. ದಟ್ಟವಾದ ಪರದೆಯನ್ನು ಮುಚ್ಚಿ ಸೊಳ್ಳೆಯನ್ನು ತಡೆಯುವೆನೆನ್ನುವವನು ಗಾಳಿಯನ್ನೇ ತಡೆದಂತಾಗುವುದು. ಸೊಳ್ಳೆಯಾದರೋ ಅಂಚಿನಲ್ಲಿ ನುಸುಳಿ ಬಂದೇ ಬರುವುದು. ಚೌಕಟ್ಟಿಗೆ ಸಂದಿಲ್ಲದಂತೆ ಜಾಲರಿ ಕೂಡಿಸಿ, ಅದರ ಒಳಗಡೆ ಹಗುರವಾದ, ಬೇಗ ಒಗೆದು ಒಣಗಿಸಬಹುದಾದ ಹತ್ತಿಯ ಪರದೆ ಹಾಕಿದರೆ ರಾತ್ರಿಯ ತಂಗಾಳಿ ಕೈತಪ್ಪದು.

ಬೇಡ ನಾಯಕರ ಕೋಟೆಯೂರಾಗಿದ್ದ ದೇವದುರ್ಗದ ಕಡೆ ಈಗ ನಾರಾಯಣಪುರ ಬಲದಂಡೆ ಕಾಲುವೆ ಹರಿದು ಹಸಿರು ಹೆಚ್ಚಿದೆಯಾದರೂ, ಬೇಸಿಗೆಯಲ್ಲಿ ಬಯಲಿನ ಮೇಲಿಂದ ಬೀಸುವ ಗಾಳಿಗೆ ಧೂಳೇ ದೊಡ್ಡ ತೊಡಕು. ಅಂಚಿನ ಕುಚ್ಚು, ಝಾಲರಿ, ಮೇಲೆ ಮಡಿಕೆ ಮಡಿಕೆಯಾಗಿ ಇಳಿಬಿಡುವ ತೋರಣದ ಬಟ್ಟೆ ಇವೆಲ್ಲ ಧೂಳಿನ ನೆಲೆಗಳು; ನುಣುಪಾದ ನೇಯ್ಗೆಯ, ಅಲಂಕಾರವಿಲ್ಲದ, ಒಬ್ಬರೇ ಬಿಚ್ಚಿ ಒಗೆಯಬಲ್ಲಷ್ಟು ತೂಕದ ಪರದೆಯೇ ಅಲ್ಲಿಗೆ ಯೋಗ್ಯ.

ಮೂರು ಊರುಗಳಿಗೂ ಸಮಾನವಾದ ಒಂದು ಮಾತು ಕೂಲರಿನದು. ಕೂಲರು ಹೊರಗಿನ ಒಣಗಾಳಿಯನ್ನು ಒಳಕ್ಕೆ ತಳ್ಳುವ ಯಂತ್ರವಾದುದರಿಂದ, ಒಳಬಂದ ಗಾಳಿ ಹೊರಹೋಗಲು ಎದುರಿನ ಕಿಟಕಿ ತುಸು ತೆರೆದಿರಬೇಕು. ಬಿಸಿಲಿಗೆ ಹೆದರಿ ಎಲ್ಲ ಕಿಟಕಿಗಳನ್ನೂ ಪರದೆಗಳನ್ನೂ ಮುಚ್ಚಿಬಿಟ್ಟರೆ ಕೋಣೆಯಲ್ಲಿ ಹಸಿ ತುಂಬಿ ಮೈ ಜಿಗಿಜಿಗಿಯಾಗುವುದಲ್ಲದೆ ತಂಪಾಗದು. ಎದುರು ಕಿಟಕಿಯ ಪರದೆ ಹಗುರವಾಗಿರಲಿ. ಕೂಲರು ಕೂಡಿಸುವ ಕಿಟಕಿಗೆ ಎರಡೂ ಪಕ್ಕಕ್ಕೆ ಪೂರ್ತಿ ಸರಿಯುವ ಪರದೆ ಇರಲಿ. ಹವಾನಿಯಂತ್ರಕ ಯಂತ್ರವಿರುವ ಕೋಣೆಗೆ ಇದರ ವಿರುದ್ಧವಾದ ನಿಯಮ: ಅಲ್ಲಿ ದಟ್ಟವಾದ ಅಸ್ತರಿಯ ಪರದೆಯನ್ನು ಮುಚ್ಚಿದಷ್ಟೂ ವಿದ್ಯುತ್ತಿನ ಉಳಿತಾಯ.

ಬಟ್ಟೆಯ ಆಯ್ಕೆ

ರಾಯಚೂರಿನ ಹತ್ತಿಯ ಮಾರುಕಟ್ಟೆ ಹೆಸರಾದುದಾದರೂ, ನಮ್ಮ ಅಂಗಡಿಗಳ ಪರದೆಬಟ್ಟೆ ಬಹುಪಾಲು ಬರುವುದು ಹೊರಗಿನಿಂದ: ಸೂರತ್ತಿನ ಪಾಲಿಯೆಸ್ಟರ್, ಪಾಣಿಪತ್ತಿನ ದಪ್ಪ ನೇಯ್ಗೆ, ತಮಿಳುನಾಡಿನ ಕರೂರಿನ ಹತ್ತಿಬಟ್ಟೆ. ಪಾಲಿಯೆಸ್ಟರ್ ಸುಕ್ಕುಗಟ್ಟದು, ಕುಗ್ಗದು, ಬಿಸಿಲಿಗೆ ಬಹುಕಾಲ ಬಾಳುವುದು. ಆದರೆ ಬೆಂಕಿ ತಗುಲಿದರೆ ಕರಗಿ ಅಂಟಿಕೊಳ್ಳುವುದರಿಂದ ದೇವರ ಕೋಣೆಗೂ ಅಡುಗೆಮನೆಗೂ ಅದು ಸಲ್ಲದು. ಹತ್ತಿ ಬೆಳಕನ್ನು ಸೌಮ್ಯವಾಗಿಸುವುದು, ಕಣ್ಣಿಗೂ ಕೈಗೂ ಹಿತ. ಆದರೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದು, ಬಣ್ಣವೂ ಬೇಗ ಮಾಸುವುದು. ಒಲೆಯ ಹತ್ತಿರದ ಕಿಟಕಿಗೆ ಯಾವ ಬಟ್ಟೆಯೂ ಬೇಡ. ಅಲ್ಲಿ ಅರೆಪಾರದರ್ಶಕ ಗಾಜು ಸಾಕು.

ಅಂಗಡಿಯಲ್ಲಿ ವಿದ್ಯುದ್ದೀಪದ ಕೆಳಗೆ ಬಟ್ಟೆಯನ್ನು ಆರಿಸಬಾರದು. ತುಂಡೊಂದನ್ನು ಕೇಳಿ ತಂದು, ಅದೇ ಕಿಟಕಿಗೆ ಹಿಡಿದು, ನಡುಹಗಲಿನ ಬೆಳಕು ಅದರ ಮೂಲಕ ಹೇಗೆ ಬರುವುದೆಂದು ನೋಡಬೇಕು. ಹಿಂದೆ ಕೈಯಿಟ್ಟರೆ ಬೆರಳುಗಳ ನೆರಳು ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಮಲಗುವ ಕೋಣೆಗೆ ಅಸ್ತರಿಯಿಲ್ಲದೆ ಸಾಲದು. ಒದ್ದೆಯಾದ ಬಿಳಿಯ ಅರಿವೆಯಿಂದ ಒಂದು ಮೂಲೆಯನ್ನು ತಿಕ್ಕಿ, ಬಣ್ಣ ಅಂಟುವುದೋ ಇಲ್ಲವೋ ಪರೀಕ್ಷಿಸಬೇಕು. ಮನೆಯಲ್ಲಿ ಪೆಟ್ಟಿಗೆ ತುಂಬಿರುವ ಹಳೆಯ ಹತ್ತಿಸೀರೆಗಳನ್ನು ಅಸ್ತರಿಗೆ ಬಳಸಿಕೊಂಡರೆ ಅದಕ್ಕಿಂತ ಒಳ್ಳೆಯ ಅಸ್ತರಿ ಬೇರೊಂದಿಲ್ಲ. ಕೌದಿ ಹೊಲಿಯುವ ತಾಯಂದಿರಿರುವ ಈ ನಾಡಿಗೆ ಹಳೆಯ ಬಟ್ಟೆಗೆ ಹೊಸ ಬಾಳು ಕೊಡುವುದನ್ನು ಕಲಿಸಬೇಕಾಗಿಲ್ಲ.

ಅಳತೆ

ಅಳತೆಯಲ್ಲಿ ಜನರು ಸಾಮಾನ್ಯವಾಗಿ ಮಾಡುವ ತಪ್ಪು, ಕಿಟಕಿಯನ್ನು ಅಳೆದು ಅಷ್ಟಕ್ಕೇ ಬಟ್ಟೆ ತರುವುದು. ಅಳೆಯಬೇಕಾದದ್ದು ಸಲಾಕೆಯನ್ನು. ಸಲಾಕೆ ಚೌಕಟ್ಟಿನ ಮೇಲೆ ಆರು ಅಂಗುಲ ಎತ್ತರದಲ್ಲಿ, ಎರಡೂ ಪಕ್ಕಕ್ಕೆ ಆರಾರು ಅಂಗುಲ ಮಿಕ್ಕಿರುವಂತೆ ಇದ್ದರೆ, ಮುಚ್ಚಿದಾಗ ಅಂಚಿನಿಂದ ಬಿಸಿಲು ನುಸುಳದು. ತೆರೆದಾಗ ಬಟ್ಟೆಯೆಲ್ಲ ಗೋಡೆಯ ಮೇಲೆ ಸರಿದು ಕಿಟಕಿ ಪೂರ್ತಿಯಾಗಿ ಬಯಲಾಗುವುದು. ಪರದೆಗೆ ನೆರಿಗೆ ಬೇಕಾದುದರಿಂದ ಬಟ್ಟೆಯ ಅಗಲ ಸಲಾಕೆಯ ಉದ್ದಕ್ಕೆ ಎರಡರಷ್ಟಿರಬೇಕು. ಬಿರುಸಾದ ದಪ್ಪ ಬಟ್ಟೆಗೆ ಒಂದೂವರೆಯಷ್ಟು ಸಾಕು. ತೆಳುವಾದ ಜಾಲಿಬಟ್ಟೆಗೆ ಎರಡೂವರೆಯಷ್ಟಾದರೆ ಚೆನ್ನು.

ಒಂದು ಉದಾಹರಣೆಯನ್ನು ಲೆಕ್ಕಹಾಕೋಣ. ಕಿಟಕಿ ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರವೆಂದುಕೊಳ್ಳೋಣ. ಪಕ್ಕಕ್ಕೆ ಆರಾರು ಅಂಗುಲ ಸೇರಿಸಿದರೆ ಸಲಾಕೆ 60 ಅಂಗುಲ. ಎರಡರಷ್ಟು ಎಂದರೆ 120 ಅಂಗುಲ ಬಟ್ಟೆ. ಅಂಗಡಿಯ ಬಟ್ಟೆಯ ಪನ್ನ 48 ಅಂಗುಲವಾದರೆ ಎರಡೂವರೆ ತುಂಡು ಬೇಕಾಗುವುದು. ಹೊಲಿಗೆಗೆ ಹೋಗುವುದನ್ನೂ ಎಣಿಸಿ ಮೂರು ತುಂಡು ಕೊಂಡು, ಒಂದನ್ನು ಉದ್ದಕ್ಕೆ ಸೀಳಿ ಎರಡು ಪರದೆಗಳಿಗೂ ಅರ್ಧರ್ಧ ಜೋಡಿಸಬೇಕು. ಉದ್ದಕ್ಕೆ, ಕಿಟಕಿಯ 48 ಅಂಗುಲ, ಮೇಲೆ 6, ಕೆಳಗೆ 8, ಮೇಲಿನ ಮತ್ತು ಕೆಳಗಿನ ಮಡಿಕೆಗೆ 10, ಕುಗ್ಗುವುದಕ್ಕೆ 3, ಒಟ್ಟು 75 ಅಂಗುಲ. ಮೂರು ತುಂಡಿಗೆ 225 ಅಂಗುಲ, ಎಂದರೆ ಐದೂಮುಕ್ಕಾಲು ಮೀಟರು. ಈ ಲೆಕ್ಕವನ್ನು ಮನೆಯಲ್ಲಿಯೇ ಬರೆದುಕೊಂಡು ಹೋದವನು ಅಂಗಡಿಯಲ್ಲಿ ಕಡಿಮೆ ಕೊಂಡು ಮತ್ತೆ ಅದೇ ಬಣ್ಣ ಸಿಗದೆ ಪರಿತಪಿಸನು, ಹೆಚ್ಚು ಕೊಂಡು ಹಣ ಕಳೆಯನು. ಹತ್ತಿಬಟ್ಟೆಯನ್ನು ಕತ್ತರಿಸುವ ಮುನ್ನವೇ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ ಸಿಂಪಿಗರಿಗೆ ಕೊಡುವುದು ಇನ್ನೂ ಉತ್ತಮ.

ನೆಲದವರೆಗೆ ಇಳಿಯುವ ಪರದೆಯಾದರೆ ನೆಲಕ್ಕಿಂತ ಅರ್ಧ ಅಂಗುಲ ಮೇಲೆ ನಿಲ್ಲಬೇಕು. ಪರಸಿಯನ್ನು ಒರೆಸುವಾಗ ತುದಿ ಒದ್ದೆಯಾಗಿ ಕೊಳೆ ಹೀರಬಾರದು. ಲೋಹದ ಉಂಗುರಗಳನ್ನು ಬಟ್ಟೆಗೇ ಕೂಡಿಸುವುದಾದರೆ ಪ್ರತಿ ಪರದೆಗೂ ಸಮಸಂಖ್ಯೆಯ ಉಂಗುರಗಳಿರಬೇಕು. ಆಗ ಎರಡು ಅಂಚುಗಳೂ ಗೋಡೆಯ ಕಡೆಗೆ ತಿರುಗಿ ನಿಲ್ಲುವುವು. ಪಂಖದ ಗಾಳಿಗೆ ಹಗುರವಾದ ಪರದೆ ಹಾರಾಡದಂತೆ ಕೆಳಗಿನ ಮಡಿಕೆಯೊಳಗೆ ತೂಕದ ಪಟ್ಟಿಯನ್ನೋ ಸಣ್ಣ ಸರಪಣಿಯನ್ನೋ ಹೊಲಿಸಬಹುದು.

ಗೋಡೆಗೆ ಕೂಡಿಸುವ ಕೆಲಸ

ರಾಯಚೂರಿನ ಬೆನ್ನಿಗಿರುವ ಬೆಟ್ಟವೂ, 1294ರ ಶಾಸನವನ್ನು ಹೊತ್ತಿರುವ ಕೋಟೆಯ ಗೋಡೆಯೂ, ಹಳೆಯ ಓಣಿಗಳ ಮನೆಗಳೂ ಗಟ್ಟಿಯಾದ ಶಿಲೆಯವು. ಇಂಥ ಗೋಡೆಗೆ ಮೊಳೆ ಹೊಡೆದರೆ ಮೊಳೆ ಬಾಗುವುದು, ಗಿಲಾವು ಉದುರುವುದು. ಹಳೆಯ ಮನೆಯಲ್ಲಿ ಕಿಟಕಿಯ ಮೇಲಿನ ಮರದ ಪಟ್ಟಿಗೆ ತಿರುಪು ಹಾಕುವುದು ಸುಲಭವೂ ಭದ್ರವೂ ಆದ ಹಾದಿ. ಹೊಸ ಮನೆಯಲ್ಲಿ ಕಿಟಕಿಯ ನೆತ್ತಿಗೆ ಕಾಂಕ್ರೀಟಿನ ಲಿಂಟಲ್ ಇರುವುದರಿಂದ ಬಡಿಯುತ್ತ ಕೊರೆಯುವ ಡ್ರಿಲ್ಲಿಂಗ್ ಯಂತ್ರವೇ ಬೇಕು. ಆರೇಳು ಮಿಲಿಮೀಟರಿನ ರಂಧ್ರ ಕೊರೆದು, ಧೂಳನ್ನು ಊದಿ ತೆಗೆದು, ಪ್ಲಾಸ್ಟಿಕ್ಕಿನ ಬೆಣೆಯನ್ನು ಪೂರ್ತಿ ಒಳಕ್ಕೆ ಇಳಿಸಿ, ತಿರುಪು ಬಿಗಿಯಬೇಕು. ಬೆಣೆಯು ಗಿಲಾವಿನಲ್ಲಿ ಮಾತ್ರ ಹಿಡಿದುಕೊಂಡಿದ್ದರೆ ಸಲಾಕೆ ಒಂದು ದಿನ ಕಳಚಿ ಬೀಳುವುದು ನಿಶ್ಚಯ. ಗೋಡೆಯೊಳಗೆ ವಿದ್ಯುತ್ ತಂತಿ ಹಾಯ್ದಿರುವುದರಿಂದ ಸ್ವಿಚ್ ಹಲಗೆಯ ನೇರಕ್ಕೆ ಮೇಲೆ ಕೆಳಗೆ ಎಂದೂ ಕೊರೆಯಬಾರದು.

ಗಿಲಾವು ಇನ್ನೂ ಆಗದಿರುವ ಮನೆಯವರಿಗೆ ಇದಕ್ಕಿಂತ ಉತ್ತಮವಾದ ಉಪಾಯವುಂಟು: ಸಲಾಕೆಯ ಕೊಕ್ಕೆ ಬರುವ ಜಾಗದಲ್ಲಿ ಗಟ್ಟಿಮರದ ತುಂಡುಗಳನ್ನು ಹುದುಗಿಸಿಡುವಂತೆ ಗೌಂಡಿಗೆ ಹೇಳಿದರೆ ಮುಂದೆ ಕೊರೆಯುವ ಕೆಲಸವೇ ಇಲ್ಲ. ಸಲಾಕೆ ಐದು ಅಡಿಗಿಂತ ಉದ್ದವಾದರೆ ನಡುವೆಯೂ ಒಂದು ಆಧಾರವಿರಬೇಕು. ಇಲ್ಲದಿದ್ದರೆ ಅಸ್ತರಿಯ ಭಾರಕ್ಕೆ ಅದು ಬಾಗುವುದು. ಕದಗಳು ಒಳಕ್ಕೆ ತೆರೆಯುವ ಕಿಟಕಿಯಾದರೆ ಕದದ ಬಿಡುವನ್ನು ನೋಡಿ ಉದ್ದನೆಯ ಕೊಕ್ಕೆ ಕೊಳ್ಳಬೇಕು. ಮಟ್ಟವನ್ನು ಕಣ್ಣಳತೆಯಿಂದ ನೋಡದೆ ಗೌಂಡಿಯ ನೀರುಮಟ್ಟದಿಂದ ನೋಡಬೇಕು.

ಬ್ಲೈಂಡುಗಳ ವಿಚಾರ

ಈಚೆಗೆ ಬಟ್ಟೆಯ ಪರದೆಗೆ ಬದಲಾಗಿ ಬ್ಲೈಂಡುಗಳೂ ನಮ್ಮ ಪೇಟೆಗಳಿಗೆ ಬಂದಿವೆ. ಅಡ್ಡಪಟ್ಟಿಗಳದು ಬೆಳಕನ್ನು ಬೇಕಾದ ಓರೆಗೆ ತಿರುಗಿಸುವುದರಲ್ಲಿ ಜಾಣತನದ ಸಾಧನ. ಆದರೆ ಒಂದೊಂದು ಪಟ್ಟಿಯ ಮೇಲೂ ಧೂಳು ಕೂಡುವುದರಿಂದ ದೇವದುರ್ಗದಂಥ ಕಡೆ ಅದನ್ನು ಒರೆಸುವ ಶ್ರಮ ದೊಡ್ಡದು. ಸುರುಳಿಯಾಗಿ ಮೇಲೇರುವ ಒಂದೇ ಹಾಳೆಯ ಬ್ಲೈಂಡು ಧೂಳಿಗೆ ಎಡೆಗೊಡದು, ಸ್ಥಳವನ್ನೂ ಹಿಡಿಯದು. ಸಣ್ಣ ಕೋಣೆಯ ಪಡುವಣ ಕಿಟಕಿಗೆ ಬಿಳಿಯ ಹಿಮ್ಮೈಯುಳ್ಳ ಇಂಥದೊಂದು ಹಾಕಿ, ಅದರ ಮೇಲೆ ಬಟ್ಟೆಯ ಪರದೆ ಇಟ್ಟರೆ ಎರಡರ ಗುಣವೂ ಕೂಡುವುದು. ಚೌಕಟ್ಟಿನ ಒಳಗೆ ಕೂಡಿಸುವ ಬ್ಲೈಂಡಿಗೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆಯಾದುದನ್ನು ಕೊಡಬೇಕು. ಗಿಲಾವಿನ ಗೋಡೆ ಎಲ್ಲಿಯೂ ಪೂರ್ತಿ ನೇರವಾಗಿರುವುದಿಲ್ಲ.

ಬ್ಲೈಂಡಿನ ಎಳೆಯುವ ಹುರಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಗಂಭೀರವಾಗಿ ಹೇಳಬೇಕಾಗಿದೆ. ಕುಣಿಕೆಯಂತೆ ಜೋತಾಡುವ ಆ ಹುರಿ ಆಡುವ ಮಗುವಿನ ಕೊರಳಿಗೆ ಸಿಕ್ಕಿ ಪ್ರಾಣಕ್ಕೆ ಎರವಾಗಬಹುದು. ಅನೇಕ ದೇಶಗಳಲ್ಲಿ ಹೀಗೆ ಶಿಶುಗಳು ಸತ್ತಿರುವುದರಿಂದ ಅಮೆರಿಕದಲ್ಲಿ 2018ರ ಕೊನೆಯಿಂದ, ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಬ್ಲೈಂಡುಗಳಿಗೆ ಹುರಿಯೇ ಇರಬಾರದು ಅಥವಾ ಮಕ್ಕಳ ಕೈಗೆ ಸಿಗುವಂತಿರಬಾರದು ಎಂಬ ಸುರಕ್ಷತಾ ನಿಯಮ ಬಂದಿದೆ. ಚಿಕ್ಕಮಕ್ಕಳಿರುವ ಮನೆಯವರು ಹುರಿಯಿಲ್ಲದ್ದನ್ನೇ ಕೊಳ್ಳಲಿ. ಹುರಿಯಿದ್ದರೆ ಗೋಡೆಯ ಮೇಲೆ ಐದು ಅಡಿಗೂ ಎತ್ತರದಲ್ಲಿ ಅದನ್ನು ಸುತ್ತಿ ಕಟ್ಟುವ ಕೊಕ್ಕೆ ಇರಲಿ. ತೊಟ್ಟಿಲು, ಮಂಚಗಳು ಆ ಕಿಟಕಿಯಿಂದ ದೂರವಿರಲಿ.

ಪಾಲನೆ ಮತ್ತು ಕ್ರಮ

ಹಾಕಿದ ಪರದೆಯನ್ನು ಪಾಲಿಸುವುದೂ ಗೃಹಕೃತ್ಯದ ಭಾಗ. ವಾರಕ್ಕೊಮ್ಮೆ ಕೊಡವಿ, ಯುಗಾದಿ, ರಂಜಾನ್, ದಸರೆಗಳ ಸುತ್ತ ಮನೆ ತೊಳೆಯುವಾಗ ಅವನ್ನೂ ಇಳಿಸಿ ಒಗೆದರೆ ಧೂಳು ನೇಯ್ಗೆಯೊಳಗೆ ಇಳಿಯದು. ಕೊಳವೆಬಾವಿಯ ಗಡುಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಬಟ್ಟೆಯಲ್ಲಿ ಉಳಿದು ಬಿಳಿಯ ಅಸ್ತರಿಯನ್ನು ಹಳದಿಗಟ್ಟಿಸುವುದರಿಂದ, ನದಿಯ ಅಥವಾ ಮಳೆಯ ನೀರು ಸಿಕ್ಕಾಗ ಒಗೆಯುವುದು ಮೇಲು. ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು.

ಹಣ ಒಮ್ಮೆಗೇ ಒದಗದವರು, ಮತ್ತು ಮನೆ ಕಟ್ಟಿದವರಲ್ಲಿ ಬಹುಮಂದಿ ಅಂಥವರೇ, ಈ ಅನುಕ್ರಮವನ್ನು ಅನುಸರಿಸಬಹುದು. ಮೊದಲು ಸೊಳ್ಳೆಯ ಜಾಲರಿ. ಬಳಿಕ ಪಡುವಣ ಕಿಟಕಿಗಳ ಹೊರಗಿನ ಬಿದಿರಿನ ತಟ್ಟಿ. ಆಮೇಲೆ ಮಲಗುವ ಕೋಣೆಗಳ ಅಸ್ತರಿಯ ಪರದೆ. ಅನಂತರ ಬೀದಿಯ ಕಿಟಕಿಯ ಮರೆ. ಉತ್ತರ ದಕ್ಷಿಣಗಳ ಕಿಟಕಿಗಳು ಮತ್ತು ಪಡಸಾಲೆಯ ಅಲಂಕಾರ ಕಟ್ಟಕಡೆಗೆ. ಅತಿಥಿಯ ಕಣ್ಣಿಗೆ ಬೀಳುವ ಪಡಸಾಲೆಯಿಂದ ಆರಂಭಿಸಿ, ಮನೆಯ ಹಿರಿಯರೂ ಮಕ್ಕಳೂ ಮಲಗುವ ಕೋಣೆಯನ್ನು ಕೊನೆಗೆ ಬಿಡುವ ಈಗಿನ ಪದ್ಧತಿ ತಿರುಗುಮುರುಗಾಗಬೇಕು. ಪೇಟೆಯ ಅಂಗಡಿಯ ದುಬಾರಿ ಬಟ್ಟೆ ಕೊಳ್ಳಲಾರದ ಮನೆಯೂ ತನ್ನ ಬಿಸಿಲು ಬರುವ ದಿಕ್ಕನ್ನು ಅರಿತು, ಒಂದು ತಟ್ಟಿ, ಒಂದು ಹಳೆಯ ಸೀರೆಯ ಅಸ್ತರಿ, ಸಂಜೆ ಕಿಟಕಿ ತೆರೆಯುವ ಒಂದು ಶಿಸ್ತು ಇಷ್ಟರಿಂದಲೇ ವೈಶಾಖದ ಉರಿಯಲ್ಲಿ ತನ್ನವರಿಗೆ ಸುಖವಾದ ಮಧ್ಯಾಹ್ನವನ್ನು ಒದಗಿಸಬಲ್ಲುದು. ಆ ಅರಿವಿಲ್ಲದಿದ್ದರೆ ಎಷ್ಟು ಬೆಲೆಯ ಪರದೆಯೂ ಅದನ್ನು ಒದಗಿಸಲಾರದು.